ಐವತ್ತು ಉಸಿರಿನ ಲೆಕ್ಕ

ಮಕ್ಕಳ ಕಾಯಿಲೆಗಳಿಗೆ ಕನ್ನಡ ಹೆಸರಿಟ್ಟಿರುವುದು ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದನ್ನು ಹಿಡಿದು. ಕೆನ್ನೆಯೂದಿ ಮುಖ ಮಂಗನಂತಾದರೆ ಮಂಗನಬಾವು. ಬಿಡದೆ ಬರುವ ಆ ಕೆಟ್ಟ ಕೆಮ್ಮು ನಾಯಿಕೆಮ್ಮು. ಗಂಟಲು ಕಟ್ಟಿ ಮಗುವನ್ನೇ ಒಯ್ಯುವುದು ಗಂಟಲಮಾರಿ. ಹೆಸರಿನಲ್ಲೇ ಲಕ್ಷಣ ಇದ್ದುದರಿಂದ ಓದು ಬಾರದ ತಾಯಿಗೂ ಗುರುತು ಸಿಗುತ್ತಿತ್ತು. ಆದರೆ ಎಲ್ಲಕ್ಕಿಂತ ಹೆಚ್ಚು ಮಕ್ಕಳನ್ನು ಕೊಂದ ಕಾಯಿಲೆಗಳಲ್ಲಿ ಒಂದಾದ ನ್ಯುಮೋನಿಯಾಕ್ಕೆ ನಾನು ಕೇಳಿ ಬೆಳೆದ ಮಾತಿನಲ್ಲಿ ಅಂಥ ಹೆಸರಿರಲಿಲ್ಲ. ‘ನೆಗಡಿ ಎದೆಗೆ ಇಳಿದೈತಿ’ ಎನ್ನುತ್ತಿದ್ದರು, ಅಷ್ಟೆ. ಇಳಿದಿದೆ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ಸರಳ ಉತ್ತರ ಸಿಕ್ಕಿದ್ದು ತೀರಾ ಇತ್ತೀಚೆಗೆ, ನಮ್ಮಲ್ಲಿ ಅನೇಕರು ಹುಟ್ಟಿದ ಮೇಲೆ. ಆ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾನೀಗ ದುಡಿಯುತ್ತಿರುವ ರಬಾಳೆ ಇರುವ ರಾಜ್ಯದಲ್ಲೇ, ಆದರೆ ಅದರ ಇನ್ನೊಂದು ತುದಿಯಲ್ಲಿ.

ಸಮಸ್ಯೆ ಏನೆಂದು ಮೊದಲು ನೋಡೋಣ. ಐದು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ನಾಲ್ಕಾರು ಸಲ ಕೆಮ್ಮು ನೆಗಡಿ ಬರುವುದು ಸಹಜ. ಹೆಚ್ಚಿನವು ತಾವಾಗಿ ವಾಸಿಯಾಗುತ್ತವೆ. ಎಲ್ಲೋ ಕೆಲವು ಶ್ವಾಸಕೋಶಕ್ಕೆ ಇಳಿಯುತ್ತವೆ, ಇಳಿದ ಮೇಲೆ ದಿನಗಳ ಲೆಕ್ಕದಲ್ಲಿ ಮಗು ಕೈಬಿಟ್ಟು ಹೋಗಬಹುದು. ಆ ಕೆಲವನ್ನು ಉಳಿದವುಗಳಿಂದ ಬೇರ್ಪಡಿಸಬೇಕು. 1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತಸ್ಕೋಪ್ ಕಂಡುಹಿಡಿದಿದ್ದ. ಆದರೆ ಅದಕ್ಕೆ ಪಳಗಿದ ಕಿವಿ ಬೇಕು, ಅಳದ ಮಗುವೂ ಬೇಕು. ಎಕ್ಸ್‌ರೇಗೆ ಆಸ್ಪತ್ರೆಯೇ ಬೇಕು. ಮಕ್ಕಳು ಸಾಯುತ್ತಿದ್ದುದು ಇವು ಯಾವುವೂ ಇಲ್ಲದ ಹಳ್ಳಿಗಳಲ್ಲಿ.

ಮೊದಲ ದಾರಿ ತೋರಿಸಿದ್ದು ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಗೊರೊಕಾ ಎಂಬ ಊರು. ಅಲ್ಲಿ ಕೆಲಸ ಮಾಡುತ್ತಿದ್ದ ಫ್ರಾಂಕ್ ಶಾನ್ ಮತ್ತು ಸಂಗಡಿಗರು 1984ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರ ಸಾರ ಎರಡು ಸಾಲಿನದು. ಕೆಮ್ಮುವ ಮಗು ನಿಮಿಷಕ್ಕೆ 50ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ಆಂಟಿಬಯಾಟಿಕ್ ಕೊಡಿ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ಆಸ್ಪತ್ರೆಗೆ ಸೇರಿಸಿ.

ಇದರ ಹಿಂದಿನ ಕಾರಣವೂ ಸರಳ. ಸೋಂಕು ತಗುಲಿದ ಶ್ವಾಸಕೋಶ ಬಿರುಸಾಗುತ್ತದೆ, ಮೊದಲಿನಂತೆ ಹಿಗ್ಗುವುದಿಲ್ಲ. ಆಳವಾಗಿ ಉಸಿರೆಳೆಯಲಾಗದ ಮಗು ಬೇಗ ಬೇಗ ಎಳೆಯುತ್ತದೆ. ಬಿರುಸು ಇನ್ನೂ ಹೆಚ್ಚಿದಾಗ ಎಳೆಯ ಪಕ್ಕೆಲುಬುಗಳು ಆ ಸೆಳೆತ ತಾಳಲಾರದೆ ಒಳಕ್ಕೆ ಬಾಗುತ್ತವೆ. ಅಂದರೆ ಒಳಗಿನ ಕಾಯಿಲೆ ಮೈಮೇಲೆ ಬರೆದಿರುತ್ತದೆ, ಓದಲು ಅಂಗಿ ಎತ್ತಿದರೆ ಸಾಕು.

ಆದರೆ ಐವತ್ತೇ ಏಕೆ? ಈ ಪ್ರಶ್ನೆ ನನ್ನ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಸರ್ವರ್ ನೋಡಿಕೊಳ್ಳುವ ವ್ಯವಸ್ಥೆಯಲ್ಲಿ ಎಚ್ಚರಿಕೆಯ ಗಡಿ ಕೆಳಗಿಟ್ಟರೆ ರಾತ್ರಿಯಿಡೀ ಸುಳ್ಳು ಗಂಟೆ ಬಾರಿಸುತ್ತದೆ. ಮೇಲಿಟ್ಟರೆ ನಿಜವಾದ ಅನಾಹುತವೇ ತಪ್ಪಿಹೋಗುತ್ತದೆ. ಮಗುವಿನ ವಿಷಯದಲ್ಲಿ ಸುಳ್ಳು ಗಂಟೆಯೆಂದರೆ ಬೇಡದ ಆಂಟಿಬಯಾಟಿಕ್, ತಪ್ಪಿಹೋದ ಗಂಟೆಯೆಂದರೆ ಸಾವು. ಈ ಗಡಿಯನ್ನು ವಯಸ್ಸಿಗೆ ತಕ್ಕಂತೆ ತಿದ್ದಿದ್ದು ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು. ಥಾಮಸ್ ಚೆರಿಯನ್, ಟಿ. ಜೇಕಬ್ ಜಾನ್ ಮೊದಲಾದವರು ಶ್ವಾಸಕೋಶದ ಸೋಂಕಿದ್ದ ಮಕ್ಕಳನ್ನೂ ಬರೀ ನೆಗಡಿಯಿದ್ದ ಮಕ್ಕಳನ್ನೂ ಹೋಲಿಸಿ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು: ವರ್ಷದೊಳಗಿನ ಕೂಸಿಗೆ 50 ಸರಿ, ವರ್ಷ ದಾಟಿದ ಮಗುವಿಗೆ 40. ಮಗು ಬೆಳೆದಂತೆ ಉಸಿರು ನಿಧಾನವಾಗುತ್ತದಲ್ಲ, ಅದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ಪಟ್ಟಿಯೂ ಹೀಗೇ ಇದೆ. 2 ತಿಂಗಳೊಳಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳವರೆಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು. ಇಷ್ಟಾದರೆ ಅದು ವೇಗದ ಉಸಿರು.

ಇಷ್ಟು ಹೊತ್ತಿಗೆ ಮಹಾರಾಷ್ಟ್ರದ ಪೂರ್ವದಂಚಿನ ಕಾಡು ಜಿಲ್ಲೆ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ ‘ಸರ್ಚ್’ ಎಂಬ ಸಂಸ್ಥೆ ಕಟ್ಟಿದ್ದರು. ಅವರು ಕೇಳಿದ್ದು ಮುಂದಿನ ಪ್ರಶ್ನೆ: ಉಸಿರು ಎಣಿಸಲು ವೈದ್ಯನೇ ಬೇಕೆ? 58 ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ನ್ಯುಮೋನಿಯಾ ಗುರುತಿಸಿ ಔಷಧಿ ಕೊಡುವುದನ್ನು ಕಲಿಸಿದರು. ಹೋಲಿಕೆಗೆಂದು 44 ಹಳ್ಳಿಗಳನ್ನು ಹಾಗೇ ಬಿಟ್ಟರು. 1990ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು. ತರಬೇತಿ ಪಡೆದವರು ನೋಡಿಕೊಂಡ 612 ನ್ಯುಮೋನಿಯಾ ಪ್ರಕರಣಗಳಲ್ಲಿ ಸಾವು ಶೇ. 0.8, ಹೋಲಿಕೆಯ ಹಳ್ಳಿಗಳಲ್ಲಿ ಶೇ. 13.5. ಐದು ವರ್ಷದೊಳಗಿನ ಪ್ರತಿ 1000 ಮಕ್ಕಳಲ್ಲಿ ನ್ಯುಮೋನಿಯಾದಿಂದ ಸತ್ತವರು ಒಂದು ಕಡೆ 8.1, ಇನ್ನೊಂದು ಕಡೆ 17.5.

ಒಂದು ತೊಡಕು ಉಳಿದಿತ್ತು. ಓದು ಬಾರದ ಅನೇಕ ಸೂಲಗಿತ್ತಿಯರಿಗೆ ಐವತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ. ಹತ್ತರವರೆಗೆ ಬರುತ್ತಿತ್ತು. ಬಂಗ್ ದಂಪತಿ ಒಂದು ಮಣಿಪಟ್ಟಿ ಮಾಡಿದರು, ಅದಕ್ಕೊಂದು ಒಂದು ನಿಮಿಷದ ಮರಳುಗಡಿಯಾರ. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಸಾಲಿನ ಕೊನೆಯದು ಕೆಂಪು ಮಣಿ. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಸರಿದರೆ ನ್ಯುಮೋನಿಯಾ ಎಂದರ್ಥ. ಈ ಸಾಧನದ ವಿವರ 1992ರಲ್ಲಿ ಪ್ರಕಟವಾಯಿತು. ಬಳಸುವವರಿಗೆ ಏನು ಬಾರದು ಎಂದು ಕೊರಗುವ ಬದಲು ಏನು ಬರುತ್ತದೆ ಎಂಬುದರಿಂದ ಶುರು ಮಾಡಿದ ಇಂಥ ವಿನ್ಯಾಸವನ್ನು ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ನಾನು ಹೆಚ್ಚು ನೋಡಿಲ್ಲ. 2018ರ ಪದ್ಮಶ್ರೀ ಪಟ್ಟಿಯಲ್ಲಿ ಬಂಗ್ ದಂಪತಿಯ ಜೊತೆಗೇ ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರೂ ಇತ್ತು. ಅದು ಕಾಕತಾಳೀಯವಿರಬಹುದು, ಆದರೆ ಒಪ್ಪುವಂಥದ್ದು.

ಮುಂದೆ 1990ರ ದಶಕದ ಮಧ್ಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಇದೇ ದಾರಿಯನ್ನು ಉಳಿದ ಕಾಯಿಲೆಗಳಿಗೂ ವಿಸ್ತರಿಸಿದವು. ಭೇದಿಯಾದ ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮೊದಲಿನಂತಾಗಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಮೈಯಲ್ಲಿ ನೀರು ತೀರಾ ಬತ್ತಿದೆ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ ತೀವ್ರವಾಗಿದೆ. ಇನ್ನು ಮಗು ಹಾಲು ಅಥವಾ ನೀರು ಕುಡಿಯಲಾರದಿದ್ದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅಥವಾ ಎಬ್ಬಿಸಿದರೂ ಮಂಕಾಗಿದ್ದರೆ, ಎಣಿಸುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಭಾರತ ಈ ಕಾರ್ಯಕ್ರಮವನ್ನು ತನ್ನದಾಗಿಸಿಕೊಂಡಾಗ ಹುಟ್ಟಿದ ಮೊದಲ ವಾರದ ಕೂಸುಗಳನ್ನೂ ಸೇರಿಸಿತು.

ಊರು ಬಿಟ್ಟು ಬಂದ ನಮಗೆ ಈ ಇತಿಹಾಸ ಏಕೆ ಬೇಕು? ರಬಾಳೆ, ಘನ್ಸೋಲಿ, ಐರೋಲಿಯ ಫ್ಲ್ಯಾಟುಗಳಲ್ಲಿ ಗಂಡ ಹೆಂಡತಿ ಇಬ್ಬರೇ, ಅಜ್ಜಿ ಇರುವುದು ಫೋನಿನಲ್ಲಿ. ನಮ್ಮ ಮಗಳು ಚಿಕ್ಕವಳಿದ್ದಾಗ ಕೆಮ್ಮಿದರೆ ಅವ್ವ ಮೊದಲು ಕೇಳುತ್ತಿದ್ದುದು ಜ್ವರ ಎಷ್ಟು ಎಂದಲ್ಲ. ‘ಅಂಗಿ ಎತ್ತಿ ಪಕ್ಕೆ ನೋಡು, ಎಳೀತೈತೇನು?’ ಎನ್ನುತ್ತಿದ್ದಳು. ಗೊರೊಕಾದ ವೈದ್ಯರು ಬರೆದದ್ದರಲ್ಲಿ ಅರ್ಧ ಅವಳಿಗೆ ಗೊತ್ತಿತ್ತು. ಪಕ್ಕೆಯ ಸೆಳೆತ ತಡವಾಗಿ ಬರುವ ಗುರುತು, ವೇಗದ ಉಸಿರು ಅದಕ್ಕಿಂತ ಮೊದಲು ಬರುವುದು. ಆ ಇನ್ನರ್ಧವನ್ನು ನಾವು ಕಲಿತು ಅವಳ ಜ್ಞಾನಕ್ಕೆ ಸೇರಿಸಬೇಕು. ಇದೇ ನವಿ ಮುಂಬಯಿಯಲ್ಲಿ ಕಟ್ಟಡ ಕಟ್ಟುವ ಕಲಬುರಗಿ, ವಿಜಯಪುರ ಕಡೆಯ ನಮ್ಮವರ ಮಕ್ಕಳೂ ಇದ್ದಾರೆ. ಅವರ ತಾಯಂದಿರಿಗೆ ಕನ್ನಡದಲ್ಲಿ ಇದನ್ನು ಹೇಳಬಲ್ಲವರು ನಾವೇ.

ಎಣಿಸುವ ಕ್ರಮ ಇಷ್ಟು. ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ, ನಿದ್ದೆಯಲ್ಲಾದರೂ ಸರಿ, ಅಂಗಿ ಎತ್ತಿ ಹೊಟ್ಟೆ ಅಥವಾ ಎದೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬಾರದು, ಮಕ್ಕಳ ಉಸಿರು ಒಂದೇ ಹದದಲ್ಲಿರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60 ದಾಟಿದರೆ ಇನ್ನೊಮ್ಮೆ ಎಣಿಸಬೇಕು. ಜ್ವರ, ಅಸ್ತಮಾ ಕೂಡ ಉಸಿರಿನ ವೇಗ ಹೆಚ್ಚಿಸುತ್ತವೆ. ಆದ್ದರಿಂದ ಗಡಿ ದಾಟಿದರೆ ಔಷಧಿ ಯಾವುದೆಂದು ನಾವು ತೀರ್ಮಾನಿಸುವುದಲ್ಲ, ಬೆಳಗಾಗಲಿ ಎಂದು ಕಾಯದೆ ವೈದ್ಯರ ಬಳಿ ಹೋಗುವುದು. ಮಣಿಪಟ್ಟಿ ಬೇಡ, ಎಲ್ಲರ ಮೊಬೈಲಿನಲ್ಲೂ ಸ್ಟಾಪ್‌ವಾಚ್ ಇದೆ.