ಬೇನೆಯ ಬಾತ್ಮಿ

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಯಂದು ಸೇರುವ ಜನಸ್ತೋಮವನ್ನು ಕಂಡವರು ಆ ಭಂಡಾರದ ಹಳದಿಯನ್ನು ಮರೆಯಲಾರರು. ಹಿಂದೆ ಕೊಲ್ಲಾಪುರ, ಸಾಂಗ್ಲಿಗಳ ಕಡೆಯಿಂದಲೂ ಭಕ್ತರು ಚಕ್ಕಡಿ ಕಟ್ಟಿಕೊಂಡು ಬಂದು, ತಂಗಿ, ಮರಳುತ್ತಿದ್ದರು. ಈ ಮರಳುವಿಕೆಯಲ್ಲಿಯೇ ನಾನು ಇಂದು ಹೇಳಹೊರಟ ವಿಷಯದ ಎಳೆಯಿದೆ. ಕಾಲರಾ ಮೈಹೊಕ್ಕ ಮೇಲೆ ತಲೆಯೆತ್ತಲು ಕೆಲವು ಗಂಟೆಗಳೂ ಸಾಕು, ಐದು ದಿನಗಳೂ ಹಿಡಿದಾವು. ಕೆಟ್ಟ ನೀರು ಕುಡಿದದ್ದು ಗುಡ್ಡದಲ್ಲಿ. ಹಾಸಿಗೆ ಹಿಡಿದದ್ದು ನೂರು ಮೈಲು ಆಚೆ. ಸಾವು ಒಂದೂರಿನ ದಫ್ತರದಲ್ಲಿ, ಕಾರಣ ಇನ್ನೊಂದೂರಿನ ಬಾವಿಯಲ್ಲಿ. ಇವೆರಡನ್ನೂ ಕೂಡಿಸಿ ಓದುವವರು ಯಾರು?

ಬ್ರಿಟಿಷರ ಆಳಿಕೆಯಲ್ಲಿ ಸವದತ್ತಿ ಪರಸಗಡ ತಾಲೂಕಿನ ಕೇಂದ್ರ, ಬೈಲಹೊಂಗಲ ಸಂಪಗಾಂವ ತಾಲೂಕಿನದು. ಎರಡೂ ಮುಂಬಯಿ ಪ್ರಾಂತದವು. ನೆರೆಯ ರಾಮದುರ್ಗವಾದರೋ 1948ರ ವರೆಗೆ ಭಾವೆ ಮನೆತನದ ಸಂಸ್ಥಾನ. ಅದರ ದಫ್ತರವೇ ಬೇರೆ. ಹಳ್ಳಿಯ ಸಾವಿನ ಲೆಕ್ಕ ಮಾಮಲೇದಾರ ಕಚೇರಿಗೆ, ಅಲ್ಲಿಂದ ಮೇಲಕ್ಕೆ ಏರುತ್ತಿತ್ತು. ಏರಲು ಮೆಟ್ಟಿಲುಗಳಿದ್ದವು, ಅಡ್ಡ ಹಾಯಲು ಹಾದಿ ಕಿರಿದಾಗಿತ್ತು.

1896ರ ಸೆಪ್ಟೆಂಬರದಲ್ಲಿ ಮುಂಬಯಿಯಲ್ಲಿ ಪತ್ತೆಯಾದ ಪ್ಲೇಗು ಈ ಕೊರತೆಯನ್ನು ಬಯಲಿಗೆ ತಂದಿತು. 1898ರಲ್ಲಿ ಅದು ಹುಬ್ಬಳ್ಳಿಯನ್ನು ಹಣ್ಣುಮಾಡಿತು. ಅದೇ ಆಗಸ್ಟದಲ್ಲಿ ರೈಲು ಹತ್ತಿ ಬೆಂಗಳೂರು ಮುಟ್ಟಿತು. ಬೇನೆಗೆ ರೈಲಿನ ವೇಗ, ಬಾತ್ಮಿಗೆ ಕಡತದ ವೇಗ! ಮದರಾಸು ಪ್ರಾಂತದವರು ಆಗ ಹೂಡಿದ ಒಂದು ಉಪಾಯ ನನಗೆ ಕುತೂಹಲಕರವಾಗಿ ತೋರುತ್ತದೆ. ಬೇನೆಯೂರಿನಿಂದ ಬಂದ ಪ್ರಯಾಣಿಕನಿಗೆ ‘ಪ್ಲೇಗು ಪಾಸ್‌ಪೋರ್ಟ್’ ಕೊಡುವುದು. ತಲುಪಿದೂರಿನಲ್ಲಿ ಅವನು ಹತ್ತು ದಿನ ಅಧಿಕಾರಿಗಳಿಗೆ ಮುಖ ತೋರಿಸುವುದು. ಒಂದೂರಿನ ಅರಿವನ್ನು ಮತ್ತೊಂದೂರಿಗೆ ಒಯ್ಯುವ ಚೀಟಿಯದು.

ಆದರೆ ಚೀಟಿಯ ಹಿಂದೆ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ನಿಂತಿತ್ತು. ಬೇನೆಯೆಂದು ತಿಳಿಸಿದ ಮನೆಯ ಬಾಗಿಲಿಗೆ ತಪಾಸಣೆಯವರು ಬರುವರು, ರೋಗಿಯನ್ನು ಒಯ್ಯುವರು, ಸಾಮಾನು ಸುಡುವರು. ಹೀಗಿರುವಾಗ ಜನ ರೋಗಿಯನ್ನು ಅಡಗಿಸಿಟ್ಟರೆ ಆಶ್ಚರ್ಯವೇನು? ಅಜ್ಞಾನವೆಂದು ಅದನ್ನು ಹಳಿಯುವ ಇತಿಹಾಸಕಾರರೊಡನೆ ನನ್ನ ಸಹಮತವಿಲ್ಲ. ಮನೆಯವರನ್ನು ಕಳೆದುಕೊಳ್ಳುವ ಭಯವದು. ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡ್‌ನ ಕೊಲೆಯಾದದ್ದು ಅದೇ 1897ರಲ್ಲಿಯೇ.

ಇನ್ನು ನಮ್ಮ ಕಾಲ. 1994ರಲ್ಲಿ ಸೂರತ್ತಿನ ಪ್ಲೇಗು ಮತ್ತೆ ಎಚ್ಚರಿಸಿದ ಮೇಲೆ, 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಹುಟ್ಟಿತು. ಲಕ್ಷಣ ಕಂಡ ಆರೋಗ್ಯ ಕಾರ್ಯಕರ್ತೆಯದೊಂದು ನಮೂನೆ, ಊಹಿಸಿದ ವೈದ್ಯರದೊಂದು, ಪರೀಕ್ಷಿಸಿದ ಪ್ರಯೋಗಾಲಯದ್ದೊಂದು, ವಾರಕ್ಕೊಮ್ಮೆ ವರದಿ. 2018ರ ನವೆಂಬರದಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಈ ವರದಿಗಳು ಒಂದೇ ಗಣಕ ಜಾಲಕ್ಕೆ ಬಂದವು. 2021ರ ಏಪ್ರಿಲಿನಲ್ಲಿ ಅದು ದೇಶವ್ಯಾಪಿಯಾಯಿತು. ಹದಿನೆಂಟಿದ್ದ ರೋಗಗಳ ಪಟ್ಟಿ ಮೂವತ್ತಮೂರಕ್ಕೇರಿತು. ಸವದತ್ತಿಯ ನೀರನ್ನೂ ಕೊಲ್ಲಾಪುರದ ರೋಗಿಯನ್ನೂ ಒಂದೇ ನಕ್ಷೆಯಲ್ಲಿ ಕಾಣುವ ಅನುಕೂಲ ನಮಗೀಗ ಒದಗಿದೆ.

ಬರೆದದ್ದು ಮಾತ್ರ ಕಾಣುತ್ತದೆ, ಅಷ್ಟೆ. ನಮ್ಮ ಪೇಟೆಯಲ್ಲಿ ಜ್ವರ ಬಂದವನು ಎಷ್ಟೋ ಸಲ ಮೊದಲು ಹೋಗುವುದು ಔಷಧದ ಅಂಗಡಿಗೆ. ಎರಡು ಗುಳಿಗೆ ಕೊಂಡು ಜಾತ್ರೆಯ ಬಸ್ಸು ಹತ್ತಿದವನ ಹೆಸರು ಆ ಮೂರರಲ್ಲಿ ಯಾವ ನಮೂನೆಯಲ್ಲಿಯೂ ಇರುವುದಿಲ್ಲ.