ಏರಲ್ಲಿ ಎಂಜಿನ್ ಕಟಕಟ ಅನ್ನೋದರ ನೂರು ವರ್ಷದ ಕಥೆ

ಏರು ಹತ್ತುವಾಗ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಕಾರಿನ ಬಾನೆಟ್ ಒಳಗಿಂದ ಒಂದು ಸದ್ದು ಬರುತ್ತೆ. ತಗಡಿನ ಡಬ್ಬಿಗೆ ಹುರುಳಿಕಾಳು ಹಾಕಿ ಅಲ್ಲಾಡಿಸಿದ ಹಾಗೆ. ಕಾಲು ತೆಗೆದ ತಕ್ಷಣ ನಿಲ್ಲುತ್ತೆ. ಮೆಕ್ಯಾನಿಕ್‌ಗಳು ಇದಕ್ಕೆ ನಾಕಿಂಗ್ ಅಂತಾರೆ. ನಾವು ಮೊದಲು ಪೆಟ್ರೋಲ್ ಬಂಕಿನವನನ್ನು ಬೈತೀವಿ, ಆಮೇಲೆ ಎಂಜಿನ್ ಬಿಚ್ಚಿಸ್ತೀವಿ. ಅಮೆರಿಕದಲ್ಲೂ ಈ ಕಥೆ ಶುರುವಾಗಿದ್ದು ತಪ್ಪನ್ನು ಯಾರ ತಲೆಗೆ ಕಟ್ಟೋದು ಅನ್ನೋದರಿಂದಲೇ.

ಓಹಿಯೋ ರಾಜ್ಯದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್ 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್, ಬ್ಯಾಟರಿ ಇಗ್ನಿಷನ್ ಕೊಟ್ಟವನು. ಗಾಡಿ ನಾಕ್ ಹೊಡೆದಾಗಲೆಲ್ಲ ಜನ ಅವನ ಇಗ್ನಿಷನ್ ಮೇಲೆ ಹಾಕ್ತಿದ್ರು. ಜೊತೆಗೆ ಅವನು ಕರೆಂಟ್ ಇಲ್ಲದ ರೈತರ ಮನೆಗಳಿಗೆ ಅಂತ ಡೆಲ್ಕೋ-ಲೈಟ್ ಅನ್ನೋ ಸಣ್ಣ ಜನರೇಟರ್ ಮಾಡಿದ್ದ. ಅದನ್ನ ಸೀಮೆಎಣ್ಣೆಯಲ್ಲಿ ಓಡಿಸಿದರೆ ಸದ್ದು ಇನ್ನೂ ಜೋರು. 1916ರಲ್ಲಿ ಥಾಮಸ್ ಮಿಜ್‌ಲಿ ಅನ್ನೋ ಹುಡುಗ ಎಂಜಿನಿಯರ್‌ಗೆ ಕಾರಣ ಹುಡುಕೋ ಕೆಲಸ ಬಿತ್ತು.

ಮಿಜ್‌ಲಿ ಸಿಲಿಂಡರ್ ಒಳಗಿನ ಒತ್ತಡ ಅಳೆದು ನೋಡಿದ. ಸ್ಪಾರ್ಕ್ ಆಗಿ, ಬೆಂಕಿ ಹತ್ತಿದ ಮೇಲೆಯೇ ಒತ್ತಡ ಒಮ್ಮೆಲೆ ಜಿಗೀತಿತ್ತು. ಅಂದರೆ ಇಗ್ನಿಷನ್ ತಪ್ಪಲ್ಲ. ಇಂಗ್ಲೆಂಡಿನಲ್ಲಿ ಹ್ಯಾರಿ ರಿಕಾರ್ಡೋ ಕೂಡ ತನ್ನ ದಾರಿಯಲ್ಲಿ ಇಂಧನದ ಗುಣದ ಕಡೆಗೇ ಬೆರಳು ತೋರಿಸಿದ. ಒಣಗಿದ ಕಬ್ಬಿನ ಸೋಗೆಗೆ ಒಂದು ಕಡೆ ಬೆಂಕಿ ಇಟ್ಟರೆ ಅದು ಸಾಲಾಗಿ ಸುಡ್ತಾ ಹೋಗಬೇಕು, ಅಲ್ವಾ? ಅದು ಬಿಟ್ಟು ಆ ತುದಿಯ ಸೋಗೆ ಬರೀ ಕಾವಿಗೇ ತಾನಾಗಿ ಭಗ್ ಅಂದರೆ ಹೇಗೋ, ಹಾಗೆ ನಾಕಿಂಗ್.

ಮದ್ದು ಸಿಕ್ಕ ರೀತಿ ಇನ್ನೂ ಚೆಂದ. ಹಿಮದ ಅಡಿಯಲ್ಲೇ ಬೇಗ ಹೂ ಬಿಡೋ ಒಂದು ಕಾಡುಗಿಡದ ಎಲೆ ಹಿಂಭಾಗ ಕೆಂಪಗಿರುತ್ತೆ, ಕೆಂಪು ಬಣ್ಣ ಕಾವು ಹೀರುತ್ತೇನೋ ಅಂತ ಅವರ ಊಹೆ. ಸೀಮೆಎಣ್ಣೆಗೂ ಕೆಂಪು ಬಣ್ಣ ಹಾಕೋಣ ಅಂದ್ರು. ಬಣ್ಣ ಕೈಗೆ ಸಿಗಲಿಲ್ಲ, ಅಯೋಡಿನ್ ಹಾಕಿದ್ರು. ಸದ್ದು ನಿಂತೇಹೋಯ್ತು! ಆಮೇಲೆ ನಿಜವಾದ ಕೆಂಪು ಬಣ್ಣ ಹಾಕಿದರೆ ಏನೂ ಆಗಲಿಲ್ಲ. ಊಹೆ ಪೂರ್ತಿ ತಪ್ಪು, ಆದರೂ ಕೆಲಸ ಆಯ್ತು. ಅಯೋಡಿನ್ ದುಬಾರಿ ಅಂತ ಏನೇನೋ ಬೆರೆಸಿ ನೋಡಿದ್ರು. ಟೆಲ್ಲೂರಿಯಂ ಅಂತೂ ಮೈಯೆಲ್ಲ ಬೆಳ್ಳುಳ್ಳಿ ವಾಸನೆ ಹಿಡಿಸ್ತಿತ್ತು. ಕೊನೆಗೆ 1921ರ ಡಿಸೆಂಬರ್ 9ರಂದು ಸೀಸದ ಟೆಟ್ರಾಈಥೈಲ್ ಲೆಡ್ ಗೆದ್ದಿತು. 1923ರ ಫೆಬ್ರವರಿಯಲ್ಲಿ ಡೇಟನ್‌ನಲ್ಲೇ ಮಾರಾಟ ಶುರು.

ನನಗೆ ಸಿಟ್ಟು ಬರೋದು ಇಲ್ಲಿ. ಅದೇ 1921ರಲ್ಲಿ ಮಿಜ್‌ಲಿ 30% ಮದ್ಯಸಾರ ಬೆರೆಸಿದ ಪೆಟ್ರೋಲಿನಲ್ಲಿ ಕಾರು ಓಡಿಸಿದ್ದ, ನಾಕಿಂಗ್ ಇರಲಿಲ್ಲ. ಮೆಕ್ಕೆಜೋಳದಿಂದ ಯಾವ ರೈತನಾದರೂ ಮಾಡಬಹುದಾದ ಸರಕು ಅದು. ಸೀಸಕ್ಕಾದರೆ ಪೇಟೆಂಟ್ ಸಿಗುತ್ತೆ, ಹಾಕೋದೂ ಚೂರೇ ಚೂರು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಸೀಸದ ವಿಷಕ್ಕೆ 5 ಜನ ಕೆಲಸಗಾರರು ಸತ್ತರು. ಅದೇ ತಿಂಗಳು ಮಿಜ್‌ಲಿ ಪತ್ರಕರ್ತರ ಮುಂದೆ ಆ ದ್ರವದಲ್ಲಿ ಕೈ ತೊಳೆದು, ಅದರ ಆವಿ ಮೂಸಿ, ಏನೂ ಆಗಲ್ಲ ಅಂದ. ಹಿಂದಿನ ವರ್ಷ ಸೀಸದ ವಿಷದಿಂದಲೇ ಅವನು ರಜೆ ಹಾಕಿ ಫ್ಲಾರಿಡಾಗೆ ಹೋಗಿದ್ದ! 1925ರಲ್ಲಿ ಮಾರಾಟ ನಿಂತಿತು, ಮರುವರ್ಷ ಮತ್ತೆ ಶುರುವಾಯ್ತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಹೋಗಿದ್ದು 2000ದಲ್ಲಿ. ಜಗತ್ತಿನಲ್ಲಿ ಕಡೆಗೆ ನಿಲ್ಲಿಸಿದ್ದು ಅಲ್ಜೀರಿಯಾ, 2021ರಲ್ಲಿ.

ಈಗ ಬಂಕಿನಲ್ಲಿ ಸಿಗೋ ಇ20ಯಲ್ಲಿ ಇರೋದು ಅದೇ ಮದ್ಯಸಾರ, ನಮ್ಮ ಕಬ್ಬು, ಜೋಳದ್ದು. ಮೈಲೇಜ್ ಸ್ವಲ್ಪ ಕಮ್ಮಿ, ಹಳೇ ಗಾಡಿಯ ರಬ್ಬರ್ ಪೈಪಿನ ಚಿಂತೆ ಬೇರೆ. ಆದರೆ ನಾಕಿಂಗ್ ತಡೆಯೋದರಲ್ಲಿ ಅದು ಗಟ್ಟಿ.

ಹಾಗಾಗಿ ಅಣ್ಣಂದಿರೇ, ಸದ್ದು ಬಂದರೆ ಮೊದಲು ಗೇರ್ ಇಳಿಸಿ ನೋಡಿ. ಸರಿಹೋದರೆ ಎಂಜಿನ್‌ಗೆ ಭಾರ ಹೆಚ್ಚಾಗಿತ್ತು, ಅಷ್ಟೇ. ಮುಂದಿನ ಸಲ ಬೇರೆ ಬಂಕಿನಲ್ಲಿ ಹಾಕಿಸಿ. ಸೀಮೆಎಣ್ಣೆ ಕಲಬೆರಕೆ ಇದ್ದರೆ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಕೂಲೆಂಟ್, ಪ್ಲಗ್, ಒಳಗೆ ಕಟ್ಟಿರೋ ಕಾರ್ಬನ್. ಕಾರ್ಬ್ಯುರೇಟರ್ ಗಾಡಿಯಾದರೆ ಟೈಮಿಂಗ್. ಹೊಸ ಕಾರಿನಲ್ಲಿ ನಾಕ್ ಸೆನ್ಸರ್ ತಾನೇ ಟೈಮಿಂಗ್ ಹಿಂದಕ್ಕೆ ಎಳೆಯೋದರಿಂದ ಸದ್ದು ಕೇಳದೆಯೂ ಎಳೆತ ಕಮ್ಮಿ ಆಗಬಹುದು. ಡೀಸೆಲ್ ಟ್ರ್ಯಾಕ್ಟರ್ ಸದ್ದಿನ ಲೆಕ್ಕವೇ ಬೇರೆ, ಅದನ್ನ ಇದಕ್ಕೆ ಸೇರಿಸಬೇಡಿ. ಆದರೆ ಸದ್ದು ಡಬ್ ಡಬ್ ಅಂತ ಆಳದಿಂದ ಬಂದು ಆಯಿಲ್ ದೀಪವೂ ಹತ್ತಿದರೆ ಅದು ಬೇರಿಂಗ್. ಗಾಡಿ ಅಲ್ಲೇ ಆಫ್ ಮಾಡಿ, ಎಳೆಸಿಕೊಂಡು ಬನ್ನಿ.