ಬೀದರ್‌ನಲ್ಲಿ ಬಿದ್ದ ಬಲೂನು, ಯಶವಂತಪುರದ ಪಕ್ಕದ ತವರು

ಇವತ್ತಿನ ಕಥೆ ಶುರುವಾಗೋದು ನಮ್ಮ ಏರಿಯಾದಿಂದ ತುಂಬಾ ದೂರ, ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ. 2025ರ ಜನವರಿ. ಆಕಾಶದಿಂದ ಭಾರೀ ಗಾತ್ರದ ಬಲೂನೊಂದು ಇಳಿದು ಮನೆಯೊಂದರ ಮೇಲೆ ಬಿತ್ತು. ಜೊತೆಗೊಂದು ಯಂತ್ರ. ಊರವರು ಗಾಬರಿಯಾದರು. ಅದರಲ್ಲಿದ್ದ ಪತ್ರ ನೋಡಿದ ಮೇಲೇ ಗೊತ್ತಾಗಿದ್ದು, ಇದು ಟಿಐಎಫ್‌ಆರ್, ಅಂದರೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹೈದರಾಬಾದಿನಿಂದ ಹಾರಿಸಿದ ಸಂಶೋಧನಾ ಬಲೂನು ಅಂತ.

ನಾನು ಓದಿದ್ದು ಬಿಕಾಂ. ಬಿಲ್ ಇಲ್ಲದ ಮಾಲು ಗೋಡೌನಿಗೆ ಬಂದರೆ, ಯಾರದ್ದು, ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕ್ತಾ ಹೋಗ್ಬೇಕು. ಈ ಬಲೂನಿನ ಜಾಡು ಹಿಡಿದು ಹೋದರೆ ಕೊನೆಗೆ ಸಿಗೋದು ನಮ್ಮ ಯಶವಂತಪುರದ ಪಕ್ಕದ ಐಐಎಸ್‌ಸಿ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್.

1939. ಹೋಮಿ ಭಾಭಾ ರಜೆಗೆ ಭಾರತಕ್ಕೆ ಬಂದಿದ್ದರು. ಯುದ್ಧ ಶುರುವಾಯ್ತು, ಕೇಂಬ್ರಿಡ್ಜ್‌ಗೆ ವಾಪಸ್ ಹೋಗೋಕಾಗಲಿಲ್ಲ. ಇಲ್ಲೇ ಸಿ.ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗ ಸೇರಿ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಅಧ್ಯಯನ ಶುರು ಮಾಡಿದರು.

ಅದೇ ಹೊತ್ತಿಗೆ ಅಮೆರಿಕದಿಂದ ನೊಬೆಲ್ ವಿಜ್ಞಾನಿ ರಾಬರ್ಟ್ ಮಿಲಿಕನ್, ವಿಕ್ಟರ್ ನೆಹರ್, ವಿಲಿಯಂ ಪಿಕರಿಂಗ್ ಬಂದರು. ಬೆಂಗಳೂರು, ಆಗ್ರಾ, ಪೇಶಾವರಗಳಿಂದ ಬಲೂನುಗಳಿಗೆ ಉಪಕರಣ ಕಟ್ಟಿ ಮೇಲಕ್ಕೆ ಬಿಟ್ಟರು. ಬೆಂಗಳೂರೇ ಯಾಕೆ? ನಮ್ಮೂರು ಭೂಮಿಯ ಕಾಂತೀಯ ಸಮಭಾಜಕಕ್ಕೆ ತುಂಬಾ ಹತ್ತಿರ. ಕಡಿಮೆ ಶಕ್ತಿಯ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಇಲ್ಲಿ ಆಚೆಗೇ ತಳ್ಳಿಬಿಡುತ್ತೆ. ದಾಟಿ ಬರೋದು ಬಲಶಾಲಿ ಕಣಗಳು ಮಾತ್ರ.

1944ರಲ್ಲಿ ಭಾಭಾ ಅಮೆರಿಕನ್ ಸೇನೆಯ ವಿಮಾನದಲ್ಲಿ ಸುಮಾರು 30,000 ಅಡಿ ಎತ್ತರಕ್ಕೆ ಉಪಕರಣ ಕಳಿಸಿದರು. 1945ರ ಜೂನ್‌ನಲ್ಲಿ ಇದೇ ಐಐಎಸ್‌ಸಿ ಆವರಣದಲ್ಲಿ ಟಿಐಎಫ್‌ಆರ್ ಹುಟ್ಟಿತು. ಅದೇ ಡಿಸೆಂಬರ್‌ನಲ್ಲಿ ಬಾಂಬೆಗೆ ಹೋಯ್ತು. ಆಮೇಲೆ ಅದರ ಬಲೂನು ಕೇಂದ್ರ ಹೈದರಾಬಾದಿನಲ್ಲಿ ನೆಲೆಯಾಯ್ತು. ಪಿಕರಿಂಗ್ ಏನಾದರು ಗೊತ್ತಾ? ಅಮೆರಿಕದ ಜೆಪಿಎಲ್ ಸಂಸ್ಥೆಯ ಮುಖ್ಯಸ್ಥರು. 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಮಾಡಿದ್ದು ಇದೇ ಸಂಸ್ಥೆ.

ಈಗ ರೋಸ್‌ವೆಲ್‌ಗೆ ಬರೋಣ. 1947ರಲ್ಲಿ ಅಮೆರಿಕದ ಆ ಊರ ಹತ್ತಿರ ಬಿದ್ದಿದ್ದೂ ಬಲೂನಿನ ಅವಶೇಷವೇ. ಸೇನೆ ಮೊದಲು 'ಹಾರುವ ತಟ್ಟೆ' ಅಂತು, ಆಮೇಲೆ 'ಹವಾಮಾನ ಬಲೂನು' ಅಂತು. ಸೋವಿಯತ್ ಅಣುಪರೀಕ್ಷೆಗಳನ್ನು ಪತ್ತೆಹಚ್ಚೋ ರಹಸ್ಯ ಯೋಜನೆಯದ್ದು ಅಂತ ವಾಯುಪಡೆ ಒಪ್ಪಿಕೊಂಡಿದ್ದು 1994ರಲ್ಲಿ. ನಡುವಿನ 47 ವರ್ಷದಲ್ಲಿ ಏಲಿಯನ್ ಕಥೆ ಬೆಳೆದು ಹೆಮ್ಮರವಾಗಿತ್ತು.

ಎರಡೂ ಕಡೆ ಬಿದ್ದಿದ್ದು ಬಲೂನೇ. ಜಲಸಂಗಿಯ ಗಾಬರಿ ಬೇಗ ಇಳಿಯೋಕೆ ಕಾರಣ ಒಂದು ಪತ್ರ. ಬಲೂನು ಹಾರಿಸೋ ಮುಂಚೆ ಟಿಐಎಫ್‌ಆರ್ ಪತ್ರಿಕೆಗಳಿಗೂ ಸೂಚನೆ ಕೊಡುತ್ತೆ: ಉಪಕರಣ ಬಿದ್ದಿದ್ದು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಅಂತ. ಆದರೆ ಆ ಸೂಚನೆ ಎಲ್ಲ ಮನೆಗೂ ತಲುಪಲ್ಲ. ಯಾರಿಗೆ ತಲುಪಿಲ್ಲವೋ ಅವರ ಪಾಲಿಗೆ ಅದು ಯುಎಫ್‌ಒನೇ. ಹಳ್ಳಿಯವರು ಹೆದರಿದರು ಅಂತ ನಗೋಕೆ ಮುಂಚೆ ಇದನ್ನ ಯೋಚಿಸಿ.

ನಮ್ಮ ಕಥೆನೂ ಅಷ್ಟೇ ಅಲ್ವಾ? 2020ರ ಮೇ 20, ಲಾಕ್‌ಡೌನ್ ಮಧ್ಯಾಹ್ನ, 'ಢಂ' ಅಂತ ಶಬ್ದ. ಆರ್‌ಟಿ ನಗರದ ನಮ್ಮ ಮನೆಯ ಕಿಟಕಿ ಗಾಜು ಅದುರಿತು. ಅಮ್ಮ ಗ್ಯಾಸ್ ಸಿಲಿಂಡರ್ ನೋಡೋಕೆ ಓಡಿದ್ರು, ನಾನು ಫೋನ್ ಹಿಡಿದೆ. ಗ್ರೂಪ್ ತುಂಬಾ ಏಲಿಯನ್ ಜೋಕು. ಭೂಕಂಪ ಅಲ್ಲ ಅಂತ ಯಲಹಂಕದಲ್ಲಿರೋ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ವಾಯುಪಡೆಯ ಸೂಪರ್‌ಸಾನಿಕ್ ಪರೀಕ್ಷಾ ಹಾರಾಟದ ಸದ್ದು ಅಂತ ರಕ್ಷಣಾ ಇಲಾಖೆ ಸ್ಪಷ್ಟಪಡಿಸಿದ್ದು ಸಂಜೆ. ಅಲ್ಲಿವರೆಗೂ ಇಡೀ ಬೆಂಗಳೂರೇ ಜಲಸಂಗಿ ಆಗಿತ್ತು.

ಮುಂದಿನ ಸಲ ಆಕಾಶದಲ್ಲಿ ವಿಚಿತ್ರವಾದದ್ದು ಕಂಡರೆ ಫಾರ್ವರ್ಡ್ ಮಾಡೋ ಮುಂಚೆ, ಅದರ ಬಿಲ್ ಯಾರ ಹತ್ತಿರ ಇದೆ ಅಂತ ಕೇಳಿ. ಹಾರಿಸಿದವರನ್ನೂ ಕೇಳಿ. ಕೆಳಗೆ ಮನೆ ಇರೋದು ನಮ್ಮದು ತಾನೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ.